ಹೊಗೆಗೂಡಿಗಿಟ್ಟ ಬೂಟು

ನಾರಿಚ್ ಊರಿನ ಆ ಕೇರಿಯಲ್ಲಿ ಮನೆಮನೆಯಲ್ಲೂ ಮಕ್ಕಳ ಬೂಟು ಹೊಲಿಯುತ್ತಿದ್ದ ಕಾಲ. ಹೊಗೆಗೂಡು ರಿಪೇರಿಯಾದಾಗ ಅದರ ಗೋಡೆಯೊಳಗೆ ಮನೆಯ ಮಗು ಮೆಟ್ಟಿದ ಬೂಟೊಂದನ್ನಿಟ್ಟು ಮುಚ್ಚಬೇಕು. ಹೊಗೆಯ ದಾರಿಯಲ್ಲಿ ಇಳಿದು ಬರುವ ಕೇಡು ಅದನ್ನೇ ಮಗುವೆಂದು ನಂಬಿ ಅಲ್ಲೇ ಕೂತುಬಿಡುತ್ತದೆ ಎಂಬುದು ಅಲ್ಲಿಯವರ ನಂಬಿಕೆ.

ಕೆಜಾಯಾಳ ಮೂರು ವರ್ಷದ ಮಗ ಈನಕ್‌ಗೆ ನಾಯಿಕೆಮ್ಮು. ಕೆಮ್ಮಿ ಕೆಮ್ಮಿ ಮುಖ ನೀಲಿಗಟ್ಟುತ್ತಿತ್ತು. ಅವರ ಮನೆಯ ಹೊಗೆಗೂಡು ರಿಪೇರಿಗೆ ಬಂದಿದ್ದ ಗಾರೆ ಕೆಲಸದ ಟೋಬಿಯಸ್ ಕೊನೆಯ ಇಟ್ಟಿಗೆ ಎತ್ತಿಕೊಂಡಾಗ ಅವಳು ಗೂಡಿನೊಳಗೆ ಇಣುಕಿದಳು.

"ಅತ್ತೆ, ಇದು ಲಿಡಿಯಾಳ ಬೂಟು!"

ಲಿಡಿಯಾ ಕಳೆದ ಚಳಿಗಾಲದಲ್ಲಿ ಇದೇ ಕೆಮ್ಮಿಗೆ ತೀರಿಕೊಂಡ ಅವಳ ಮಗಳು.

"ಹೌದು ಕಣೇ," ಎಂದಳು ಅತ್ತೆ ಟ್ಯಾಬಿತಾ. "ನಿನ್ನ ಮಗಂದು ಮುಟ್ಟಿ ನೋಡು, ಅಂಗಡೀಲಿಟ್ಟಂಗಿದೆ. ಕಾಲಿನ ಅಚ್ಚೇ ಇಲ್ಲ. ಕೇಡಿಗೇನು ಕಣ್ಣಿಲ್ವಾ, ಮೋಸಹೋಗೋಕೆ?"

ಮಾತು ಸುಳ್ಳಲ್ಲ. ಎಡ ಬಲ ಎಂಬ ಭೇದವಿಲ್ಲದ ಬೂಟುಗಳವು. ಒಂದೇ ಕಡೆ ಸವೆಯದಿರಲೆಂದು ಕೆಜಾಯಾ ದಿನಾ ಬೆಳಿಗ್ಗೆ ಈನಕ್‌ಗೆ ಅವನ್ನು ಅದಲುಬದಲು ಮಾಡಿ ತೊಡಿಸುತ್ತಿದ್ದಳು. ಲಿಡಿಯಾ ಹಠಮಾರಿ, ಬದಲಿಸಲು ಬಿಟ್ಟವಳೇ ಅಲ್ಲ. ಅವಳ ಹೆಬ್ಬೆರಳು ತೊಗಲಿನಲ್ಲಿ ಇನ್ನೂ ಉಬ್ಬಿಕೊಂಡೇ ಇತ್ತು.

"ಸತ್ತೋಳ ಬೂಟು ಇವನನ್ನೂ ಕರ್ಕೊಂಡೋದ್ರೆ?"

"ಅಕ್ಕ ತಮ್ಮನ್ನ ಕಾಯ್ತಾಳೆ, ಸುಮ್ನಿರೇ."

"ಕಾಯೋಳಲ್ಲ ಅತ್ತೆ. ಒಬ್ಳೇ ಇರೋಕೆ ಅವಳಿಗೆ ಯಾವತ್ತೂ ಆಗ್ತಿರ್ಲಿಲ್ಲ."

"ನಿಮ್ಮ ಜಗಳ ಮುಗಿಯೋಷ್ಟರಲ್ಲಿ ನನ್ನ ಗಾರೆ ಕಲ್ಲಾಗ್ತದೆ," ಟೋಬಿಯಸ್ ಕರಣೆ ಕುಟ್ಟಿದ. "ಯಾವುದಾದ್ರೂ ಒಂದಿಡ್ರಮ್ಮ!"

ಕೆಜಾಯಾ ಕೈಹಾಕಿ ಲಿಡಿಯಾಳ ಬೂಟನ್ನು ಎಳೆದಳು. ಈನಕ್‌ನ ಬೂಟೊಂದನ್ನು ತೊಗಲು ನೆನೆಸುವ ತೊಟ್ಟಿಯಲ್ಲಿ ಅದ್ದಿ, ಮೆತ್ತಗಾಗುವವರೆಗೂ ಹಿಸುಕಿ, ಅವನ ಕಾಲಿಗೆ ತುರುಕಿದಳು.

"ತಣ್ಣಗಿದೆ, ಅಮ್ಮಾ!"

"ಕಾಲೂರು ಕಂದಾ. ಊರಿ ನಿಂತ್ಕೋ."

ಎರಡೂ ಹೆಬ್ಬೆರಳಿಂದ ಒತ್ತಿ, ತೊಗಲನ್ನು ಅವನ ಬೆರಳುಗಳ ಸಂದಿಗೆ ಇಳಿಸುತ್ತ ಹೋದಳು. ಅಷ್ಟರಲ್ಲಿ ಕೆಮ್ಮು ಬಂತು. ಅವಳು ಬಿಡಲಿಲ್ಲ. ಒಂದೊಂದು ಕೆಮ್ಮಿಗೂ ಪುಟ್ಟ ಬೆರಳುಗಳು ಬೂಟಿನೊಳಗೆ ಮುದುರಿಕೊಳ್ಳುತ್ತಿದ್ದವು.

"ಬಿಡೇ, ಸಾಯ್ತಾನೆ!" ಅತ್ತೆ ಕಿರುಚಿದಳು.

ಕಳಚಿದಾಗ ಒದ್ದೆ ತೊಗಲು ಆ ಮುದುರನ್ನು ಹಾಗೇ ಹಿಡಿದಿತ್ತು. ಅತ್ತೆ ಅದರ ಮೇಲೆ ಬೆರಳಾಡಿಸಿದಳು. ತಾನೇ ಒಯ್ದು ಗೂಡಿನೊಳಗಿಟ್ಟಳು. ಟೋಬಿಯಸ್ ಇಟ್ಟಿಗೆ ಕೂರಿಸಿದ.

ಕೆಮ್ಮು ನಿಂತಿತು, ಆದರೆ ಈನಕ್‌ನ ಉಸಿರು ಒಳಗೆ ಹೋಗಲೇ ಇಲ್ಲ. ಕೆಜಾಯಾ ಅವನನ್ನು ಎದೆಗೆ ಅವಚಿಕೊಂಡಳು. ಕರಣೆ ಗಾಳಿಯಲ್ಲೇ ನಿಂತಿತು. ಆಮೇಲೆ, ತುಕ್ಕುಹಿಡಿದ ಬಾಗಿಲನ್ನು ಯಾರೋ ಎಳೆದಂತೆ, ಕೀರಲಾಗಿ, ಉದ್ದಕ್ಕೆ, ಉಸಿರು ಒಳಗೆ ಹೋಯಿತು.

"ಇನ್ನೊಂದು," ಎಂದಳು ಕೆಜಾಯಾ ಅವನ ಕಿವಿಯಲ್ಲಿ. "ಇನ್ನೊಂದು ತಗೋ, ನನ್ನಪ್ಪಾ."

ತೆಗೆದುಕೊಂಡ.