ಜರಡಿ ಹಿಡಿದ ಸಾಂಬಾರು

"ಸೋಸಿದ್ರೆ ಈರುಳ್ಳಿ ಹೋಗ್ತದಾ ಭಾವ? ನಿಮಗೆ ತಲೆ ಸರಿ ಉಂಟಾ?"

"ಮೆಲ್ಲಗೆ ಮಾತಾಡು ಮಾರಾಯ! ಹೊರಗೆ ಸೇಟು ಊಟಕ್ಕೆ ಕೂತಿದ್ದಾರೆ."

"ಕೂತಿದ್ದಾರೆ ಅಂತಲೇ ಬೊಬ್ಬೆ ಹಾಕೋದು!"

ಕೃಷ್ಣರಾಜ ಭಾವನ ಕೈಯಲ್ಲಿ ರವೆ ಜರಡಿ ಇತ್ತು. ಅದರ ತುಂಬ ಬೆಂದ ಈರುಳ್ಳಿ. ದೀಪಾವಳಿ ವ್ಯಾಪಾರದ ನೂಕುನುಗ್ಗಲಿನಲ್ಲಿ ಈರುಳ್ಳಿ ಹಾಕದ ಸಾಂಬಾರು ಹನ್ನೆರಡಕ್ಕೇ ಮುಗಿದಿತ್ತು. ನಾನು ತರಕಾರಿಗೆ ಹೋಗಿ ಬರುವಷ್ಟರಲ್ಲಿ ಈ ಮನುಷ್ಯ ಈರುಳ್ಳಿ ಸಾಂಬಾರನ್ನೇ ಸೋಸಿ, ಇಂಗು ಹಾಕಿ, ಸೇಟುಗಳ ಬಾಲ್ದಿಗೆ ತುಂಬಿಸಿದ್ದ.

ಸಾವಿರದ ಒಂಬೈನೂರ ಐವತ್ತರಲ್ಲಿ ನಾನು ಅಡುಗೆಗೆ ಬಂದಾಗ ಮದರಾಸಿನ ಸೌಕಾರ್‌ಪೇಟೆಯ ಈ ಬೀದಿಯಲ್ಲಿ ತುಪ್ಪದ ಡಬ್ಬ, ಬೇಳೆ ಮೂಟೆ ಬಿಟ್ಟರೆ ಬೇರೇನಿರಲಿಲ್ಲ. ಈರುಳ್ಳಿ ಮುಟ್ಟದ ಆ ಮಾರವಾಡಿ ಅಂಗಡಿಯವರಿಂದಲೇ ಭಾವನ ಹೋಟೆಲು ಎದ್ದು ನಿಂತದ್ದು. ಈಗ ಎಲ್ಲಿ ನೋಡಿದರೂ ಗಾಜಿನ ಬಾಗಿಲು, ನೈಲಾನ್ ಸೀರೆ. ಕೀಲ್ಪಾಕಿನ ಬಂಗಲೆಗಳಿಂದ ಸೀರೆ ಕೊಳ್ಳಲು ಬರುವವರಿಗೆ ಈರುಳ್ಳಿ ಸಾಂಬಾರೇ ಬೇಕು. ಮಾಡಿಕೊಟ್ಟೆ. ಆದರೆ ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಸೌಟು. ಬೀದಿಯಲ್ಲಿ ಉಳಿದ ಕೊನೆಯ ತುಪ್ಪದಂಗಡಿಯ ಬದರಿನಾಥ ಸೇಟುಗೆ ನಾನು ಮಾತು ಕೊಟ್ಟಿದ್ದೆ: ನಾನಿರುವ ತನಕ ಇದು ತಪ್ಪುವುದಿಲ್ಲ.

"ಅವರಿಗೆ ಗೊತ್ತಾಗ್ತದಾ?" ಎಂದ ಭಾವ. "ನಿನ್ನ ಬಾಯಿ ಮುಚ್ಚಿದ್ರೆ ಸಾಕು."

ಅಷ್ಟರಲ್ಲಿ ಸೇಟು ತಮ್ಮ ಮುರುಕು ತಮಿಳಿನಲ್ಲಿ ಕೂಗಿದರು: "ವಿಷ್ಣುಮೂರ್ತಿ, ಇನ್ನೊಂದು ಸೌಟು ಹಾಕಪ್ಪ! ಇವತ್ತು ಸಾಂಬಾರು ಬಹಳ ರುಚಿ."

ಭಾವನ ಕೈಯಿಂದ ಜರಡಿ ಕಿತ್ತುಕೊಂಡು ಹೊರಗೆ ಹೋದೆ. ಸೇಟು ಅವರ ಎಲೆಗೆ ಕೈ ಅಡ್ಡ ಹಿಡಿದೆ.

"ತಿನ್ನಬೇಡಿ ಸೇಟು. ಅದರಲ್ಲಿ ಈರುಳ್ಳಿ ಉಂಟು."

ಅವರು ಜರಡಿ ನೋಡಿದರು, ನನ್ನ ಮುಖ ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎದ್ದು, ಬೀದಿ ನಲ್ಲಿಯಲ್ಲಿ ಮತ್ತೆ ಮತ್ತೆ ಬಾಯಿ ಮುಕ್ಕಳಿಸಿ, ತಿರುಗಿ ನೋಡದೆ ಹೊರಟುಹೋದರು.

"ಹಾಳು ಮಾಡಿದೆಯಲ್ಲ, ಅಕ್ಕನ ಮನೆಯ ಅನ್ನ ತಿಂದು!" ಭಾವ ಎಲ್ಲರೆದುರಿಗೆ ಕಿರುಚಿದ.

"ತಿಂದದ್ದಲ್ಲ ಭಾವ, ಬೇಯಿಸಿದ್ದು. ಹನ್ನೆರಡು ವರ್ಷ! ಇನ್ನು ನೀವೇ ಬೇಯಿಸಿಕೊಳ್ಳಿ, ನೀವೇ ಸೋಸಿಕೊಳ್ಳಿ."

ಸೊಂಟಕ್ಕೆ ಸುತ್ತಿದ್ದ, ಕೈ ಒರೆಸುವ ಬೈರಾಸು ಬಿಚ್ಚಿ ಮೇಜಿನ ಮೇಲೆ ಎಸೆದು ಬೀದಿಗಿಳಿದೆ.

"ಏ ವಿಷ್ಣು! ಆ ಜರಡಿ ಕೊಟ್ಟು ಹೋಗು!"

ಅದನ್ನು ಚರಂಡಿಗೆ ಬಿಸಾಡಿದೆ. ಮತ್ತೆ ಆ ಬೀದಿಗೆ ಕಾಲಿಟ್ಟಿಲ್ಲ.