ಮೂಸ್ ಮಾಂಸಕ್ಕೆ ಹೆದರಿದ ಫಿಲೊಮೀನ್

ಸೆಪ್ಟೆಂಬರ್ ಬಂತೆಂದರೆ ಉತ್ತರದ ಹಿಮನಾಡಿನ ದೆಹ್‌ಚೊ ನದಿಯಲ್ಲಿ ದೋಣಿಗಳ ಸದ್ದು ಹೆಚ್ಚುತ್ತದೆ. ಅದು ಮೂಸ್ ಎಂಬ ಭಾರೀ ಕಾಡುಜಿಂಕೆಯ ಬೇಟೆಯ ಕಾಲ. ಆ ವರ್ಷ ಎದ್ವಾರ್ ದೊಡ್ಡದೊಂದು ಗಂಡು ಮೂಸ್ ಹೊಡೆದು ತಂದಿದ್ದ. ಎಂದಿನಂತೆ ಮೊದಲ ಪಾಲನ್ನು ಪ್ಲಾಸ್ಟಿಕ್ ತೊಟ್ಟಿಗೆ ತುಂಬಿಕೊಂಡು ತಂಗಿ ಫಿಲೊಮೀನಳ ಮನೆಗೆ ಹೋದ.

"ಬಾಗಿಲು ತೆಗಿಯೇ, ಕೈ ಬಿದ್ದೋಗ್ತಿದೆ."

ಫಿಲೊಮೀನ್ ಬಾಗಿಲನ್ನು ಅರ್ಧ ಮಾತ್ರ ತೆರೆದಳು.

"ಬೇಡ ಅಣ್ಣ. ಈ ವರ್ಷ ನಮ್ಮನೆಗೆ ಮಾಂಸ ಬೇಡ. ಬೇರೆಯವರಿಗೆ ಕೊಟ್ಬಿಡು."

"ಯಾಕೆ? ನಾನೇನು ಹೊಸದಾಗಿ ತರ್ತಿದೀನಾ?"

"ಅದ್ರಲ್ಲಿ ವಿಷ ಇದೆಯಂತೆ."

ಎದ್ವಾರ್ ಒಮ್ಮೆ ತೊಟ್ಟಿಯ ಕಡೆ ನೋಡಿದ, ಒಮ್ಮೆ ತಂಗಿಯ ಮುಖ ನೋಡಿದ. ಅರವತ್ತೆರಡು ವರ್ಷದ ಮನುಷ್ಯ. ಹದಿನಾಲ್ಕನೇ ವಯಸ್ಸಿನಿಂದ ಬೇಟೆಯಾಡಿ ಅರ್ಧ ಊರಿಗೆ ಮಾಂಸ ಹಂಚಿದವನು. ಅವನ ಮುಖಕ್ಕೆ ಯಾರೂ ಹಾಗೆ ಹೇಳಿರಲಿಲ್ಲ. ತೊಟ್ಟಿ ಹೊತ್ತುಕೊಂಡೇ ಮೆಟ್ಟಿಲಿಳಿದು ಹೋದ.

ಅಣ್ಣನಿಗೆ ನೋವಾಯಿತೆಂದು ಫಿಲೊಮೀನಳಿಗೆ ಗೊತ್ತಿತ್ತು. ಆದರೆ ಅವಳ ಚಿಂತೆಯೇ ಬೇರೆ. ಮಗಳು ಕೊರಾ ಆರು ತಿಂಗಳ ಬಸುರಿ. ಎರಡು ವರ್ಷದ ಹಿಂದೆ ಅವಳ ಮೊದಲ ಮಗು ಐದನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಗಿತ್ತು. ಕಾರಣ ಯಾರಿಗೂ ತಿಳಿಯಲಿಲ್ಲ. ಈ ಸಲ ಕೊರಾ ಬಸುರಿ ಎಂದು ಗೊತ್ತಾದ ದಿನದಿಂದ ಫಿಲೊಮೀನ್ ನೆಮ್ಮದಿಯಾಗಿ ಒಂದು ಲೋಟ ಚಹಾ ಕುಡಿದವಳಲ್ಲ. ಮಗಳು ಕೆಮ್ಮಿದರೆ ಎದ್ದು ಓಡುತ್ತಿದ್ದಳು.

ಜುಲೈ ತಿಂಗಳಲ್ಲಿ ಊರಿನವರ ಫೋನ್ ಗುಂಪಿನಲ್ಲಿ ಒಂದು ಚಿತ್ರ ಬಂತು. ಅಂಗಡಿ ಬಾಗಿಲಿಗೆ ಅಂಟಿಸಿದ್ದ ಆರೋಗ್ಯ ಸೂಚನೆಯ ಚಿತ್ರ ಅದು. ತೆಗೆದವರು ಮೇಲಿನ ಅರ್ಧವನ್ನಷ್ಟೇ ತೆಗೆದಿದ್ದರು. "ಮೂಸ್‌ಗಳಲ್ಲಿ ಕ್ಯಾಡ್ಮಿಯಮ್ ಎಂಬ ಲೋಹ ಕಂಡುಬಂದಿದೆ" ಎಂದು ದಪ್ಪ ಅಕ್ಷರಗಳಲ್ಲಿತ್ತು. ಕೆಳಗೆ ಯಾರೋ, "ಬಸುರಿಯರೇ ಎಚ್ಚರ, ಮಾಂಸ ಮುಟ್ಟಬೇಡಿ" ಎಂದು ತಾವೇ ಸೇರಿಸಿದ್ದರು.

ಅಷ್ಟು ಸಾಕಾಯಿತು. ಫಿಲೊಮೀನ್ ಮನೆಯಲ್ಲಿದ್ದ ಒಣಮಾಂಸವನ್ನೆಲ್ಲ ನಾಯಿಗಳಿಗೆ ಹಾಕಿದಳು. ಅಂಗಡಿಗೆ ಹೋಗಿ ಡಬ್ಬಿ ಮಾಂಸ ತಂದು ಕಪಾಟು ತುಂಬಿದಳು. ಬೆಳಿಗ್ಗೆ ಅದನ್ನೇ ಹುರಿದು ಕೊಡುವಳು, ಮಧ್ಯಾಹ್ನ ಅದನ್ನೇ ಬ್ರೆಡ್ಡಿನ ನಡುವೆ ಇಟ್ಟು ಕೊಡುವಳು. "ತಿನ್ನು ಮಗಳೇ, ಇದು ಮೊಹರು ಹಾಕಿರೋದು" ಎನ್ನುವಳು. ಕೊರಾ ಸುಮ್ಮನೆ ತಿನ್ನುವಳು.

ಎದ್ವಾರ್ ಬಂದುಹೋದ ಮರುವಾರ ಕೊರಾ ಬಟ್ಟೆ ಬುಟ್ಟಿ ಎತ್ತಲು ಬಗ್ಗಿದವಳು ಹಾಗೆಯೇ ಗೋಡೆಗೆ ಒರಗಿ ಕುಸಿದಳು. ತುಟಿ ಬಿಳಿಚಿತ್ತು. ಫಿಲೊಮೀನ್ ಕೂಗಿದ ಕೂಗಿಗೆ ಪಕ್ಕದ ಮನೆಯವರು ಓಡಿ ಬಂದು, ತಮ್ಮ ಗಾಡಿಯಲ್ಲೇ ಇಬ್ಬರನ್ನೂ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರು.

ನರ್ಸ್ ರಕ್ತ ತೆಗೆದು ಪರೀಕ್ಷೆ ಮಾಡಿದಳು. "ಮಗುವಿನ ಎದೆಬಡಿತ ಚೆನ್ನಾಗಿದೆ. ಆದರೆ ಕೊರಾಗೆ ರಕ್ತ ಕಡಿಮೆ. ಹಿಮೋಗ್ಲೋಬಿನ್ ಲೀಟರಿಗೆ ನೂರಾ ಹತ್ತು ಗ್ರಾಂ ಆದರೂ ಇರಬೇಕು, ತೊಂಬತ್ತೊಂದಿದೆ. ಕಬ್ಬಿಣದ ಮಾತ್ರೆ ಕೊಡ್ತೀನಿ. ಮೂರು ವಾರ ಬಿಟ್ಟು ಮತ್ತೆ ನೋಡೋಣ. ಏರದೇ ಇದ್ದರೆ ವಿಮಾನದಲ್ಲಿ ಪಟ್ಟಣಕ್ಕೆ ಕಳಿಸಬೇಕಾಗುತ್ತೆ. ಹೆರಿಗೆವರೆಗೂ ಅಲ್ಲೇ ಇರಬೇಕಾಗಬಹುದು."

ಮೂರು ತಿಂಗಳು! ಗುರುತಿಲ್ಲದ ಊರಲ್ಲಿ, ಗುರುತಿಲ್ಲದವರ ನಡುವೆ! ಫಿಲೊಮೀನ್ ಮಗಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಮರುದಿನ ಒಡೈಲ್ ಮನೆಗೆ ಬಂದಳು. ಊರಿನ ಆರೋಗ್ಯ ಕಾರ್ಯಕರ್ತೆ. ಫಿಲೊಮೀನಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಫಿಲೊಮೀನ್ ಹೊರಗೆ ಮೆಟ್ಟಿಲ ಮೇಲೆ ಕೂತು ಸಿಗರೇಟು ಸೇದುತ್ತಿದ್ದಳು. ಒಡೈಲ್ ಪಕ್ಕದಲ್ಲೇ ಕೂತಳು.

"ನಿಜ ಹೇಳು ಒಡೈಲ್. ಅವಳಿಗೆ ಆ ಲೋಹ ಏರಿದೆ, ಅಲ್ವಾ? ಆ ಚಿತ್ರ ಬರೋಕೆ ಮುಂಚೆ ಎಷ್ಟೋ ಸಲ ಮೂಸ್ ತಿಂದಿದ್ದಳು. ನಾನೇ ಬಡಿಸಿದ್ದೆ."

"ಲೋಹನೂ ಇಲ್ಲ, ಗೀಹನೂ ಇಲ್ಲ ಕಣೇ. ಅವಳಿಗೆ ರಕ್ತ ಕಡಿಮೆ. ಇಬ್ಬರಿಗೆ ಸಾಕಾಗೋಷ್ಟು ಕಬ್ಬಿಣದ ಅಂಶ ಊಟದಲ್ಲಿ ಸಿಕ್ತಿಲ್ಲ. ಏನು ಹಾಕ್ತಿದೀಯ ಊಟಕ್ಕೆ?"

"ಡಬ್ಬಿ ಮಾಂಸ."

"ಎಷ್ಟು ದಿನದಿಂದ?"

"ಜುಲೈಯಿಂದ. ಯಾಕೆ ಹಂಗೆ ನೋಡ್ತೀಯ? ಅದು ಕಾರ್ಖಾನೆಲಿ ಪರೀಕ್ಷೆ ಆಗಿರುತ್ತೆ. ನಿನ್ನ ಮೂಸ್‌ನ ಯಾರು ಪರೀಕ್ಷೆ ಮಾಡಿದಾರೆ? ಕಾಡಲ್ಲಿ ಏನು ಮೇಯುತ್ತೋ, ಯಾವ ನೀರು ಕುಡಿಯುತ್ತೋ!"

"ನಿನ್ನಣ್ಣನ್ನೇ ಕೇಳು, ಯಾರು ಮಾಡಿದಾರೆ ಅಂತ. ಎರಡು ವರ್ಷದಿಂದ ಅವನು ಹೊಡೆದ ಪ್ರತಿ ಮೂಸ್‌ನ ಕಿಡ್ನಿ, ಲಿವರ್, ಮಾಂಸ ಒಂದೊಂದು ತುಂಡು ಚೀಲಕ್ಕೆ ಹಾಕಿ ಪರೀಕ್ಷೆಗೆ ಕಳಿಸ್ತಿದಾನೆ. ಆ ಸೂಚನೆ ಬಂದಿದ್ದೇ ಹಂಗೆ. ನೀನು ಪೂರ್ತಿ ಓದಿದೀಯಾ?"

ಒಡೈಲ್ ಚೀಲದಿಂದ ಇಡೀ ಸೂಚನೆಯನ್ನು ತೆಗೆದು ಫಿಲೊಮೀನಳ ಮಡಿಲಲ್ಲಿಟ್ಟಳು. ಕೆಳಗಿನ ಅರ್ಧದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಲೋಹ ಸೇರಿಕೊಳ್ಳುವುದು ಕಿಡ್ನಿ ಮತ್ತು ಲಿವರ್‌ನಲ್ಲಿ. ಅವೆರಡನ್ನು ಮಿತಿಯಲ್ಲಿ ತಿನ್ನಿ. ಮಾಂಸವನ್ನು ಎಲ್ಲರೂ ತಿನ್ನಬಹುದು, ಬಸುರಿಯರೂ ತಿನ್ನಬಹುದು.

ಫಿಲೊಮೀನ್ ಎರಡು ಸಲ ಓದಿದಳು. ಆಮೇಲೂ ತಲೆ ಅಲ್ಲಾಡಿಸಿದಳು. "ಒಂದು ಚೂರಿದ್ರೂ ಅದು ವಿಷವೇ. ನಾನು ಈ ಮಗೂನ ಕಳಕೊಳ್ಳಲ್ಲ."

"ಒಂದು ಚೂರೂ ಬೇಡ ಅಂದ್ರೆ ಮೊದಲು ಕೈಲಿರೋದನ್ನ ಎಸಿ."

"ಏನನ್ನ?"

"ಸಿಗರೇಟನ್ನ. ಅದೇ ಕ್ಯಾಡ್ಮಿಯಮ್ ಅದರ ಹೊಗೆಲಿದೆ. ಹೊಗೆಸೊಪ್ಪಿನ ಗಿಡ ಮಣ್ಣಿಂದ ಹೀರಿಕೊಳ್ಳುತ್ತೆ. ನೀನು ಮೂಸ್‌ಗೆ ಹೆದರಿಕೊಂಡು ದಿನಾ ಮನೆ ತುಂಬ ಅದನ್ನೇ ಬಿಡ್ತಿದೀಯ, ಬಸುರಿ ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು."

ಫಿಲೊಮೀನ್ ಸಿಗರೇಟಿನತ್ತ ಹಾವನ್ನು ನೋಡುವಂತೆ ನೋಡಿದಳು. ಮೆಟ್ಟಿಲಿಗೆ ಒತ್ತಿ ಆರಿಸಿದಳು. ಆರಿದ ಮೇಲೂ ಒತ್ತುತ್ತಲೇ ಇದ್ದಳು.

ಇಬ್ಬರೂ ಒಳಗೆ ಬಂದರು. ಕೊರಾ ಹೊದಿಕೆ ಹೊದ್ದು ಮಲಗಿದ್ದವಳು ಎದ್ದು ಕೂತಳು. ಒಡೈಲ್ ಕಪಾಟಿನಿಂದ ಒಂದು ಡಬ್ಬಿ ತೆಗೆದು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದಳು. ಆಮೇಲೆ ಒಂದು ತಟ್ಟೆ, ಒಂದು ಚಮಚ ಕೇಳಿದಳು. ಉಪ್ಪಿನ ಡಬ್ಬದಿಂದ ತುಂಬ ಒಂದು ಚಮಚ, ಮೇಲೆ ಅರ್ಧ ಚಮಚ ತಟ್ಟೆಗೆ ಸುರಿದಳು.

"ಈ ಒಂದು ಡಬ್ಬಿ ಖಾಲಿ ಮಾಡಿದರೆ ಇಷ್ಟು ಉಪ್ಪು ಹೊಟ್ಟೆಗೆ ಹೋಗುತ್ತೆ."

"ಇಷ್ಟಾ?" ಎಂದಳು ಫಿಲೊಮೀನ್. ಅವಳೇ ಬಿ.ಪಿ. ಮಾತ್ರೆ ನುಂಗುವವಳು.

"ಇಷ್ಟು. ಕಾಲು ಭಾಗಕ್ಕಿಂತ ಹೆಚ್ಚು ಬರೀ ಕೊಬ್ಬು. ಅಷ್ಟೇ ತೂಕದ ಮೂಸ್ ಮಾಂಸ ತಗೊಂಡರೆ ಕೊಬ್ಬು ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಉಪ್ಪು ಒಂದು ಚಿಟಿಕೆ. ಮಗು ಬೆಳೆಯೋಕೆ ಬೇಕಾದ ಪ್ರೋಟೀನು ಡಬ್ಬಿಗಿಂತ ಎರಡರಷ್ಟು. ಕಬ್ಬಿಣದ ಅಂಶ ನಾಲ್ಕರಷ್ಟಾದರೂ ಇರುತ್ತೆ. ಕೊರಾಗೆ ಈಗ ಬೇಕಾಗಿರೋದು ಅದೇ."

"ಹಂಗಾದ್ರೆ ಇಷ್ಟು ದಿನ ನಾನು ಅವಳಿಗೆ ಹಾಕಿದ್ದು..." ಫಿಲೊಮೀನ್ ಕಪಾಟಿನ ಕಡೆ ತಿರುಗಿದಳು.

"ಡಬ್ಬಿ ವಿಷ ಅಂತ ನಾನು ಹೇಳಿಲ್ಲ. ಹಿಮಗಾಳಿಗೆ ಸಿಕ್ಕಿಕೊಂಡಾಗ, ಬೇರೇನೂ ಸಿಗದಾಗ ತಿನ್ನೋಣ. ಮೂರು ಹೊತ್ತೂ ಅದನ್ನೇ ತಿಂದರೆ ಹೆಂಗೆ?"

ಆಗ ಕೊರಾ ಮೆಲ್ಲಗೆ ಹೇಳಿದಳು. "ಅಮ್ಮ, ಡಬ್ಬಿ ತೆಗೆದರೆ ಸಾಕು, ಆ ವಾಸನೆಗೇ ನನಗೆ ವಾಂತಿ ಬರುತ್ತೆ. ನೀನು ಹೆದರಿದೀಯ ಅಂತ ತಿಂತಿದ್ದೆ. ಅರ್ಧ ಮಾತ್ರ ತಿಂದು ಉಳಿದಿದ್ದನ್ನ ನಾಯಿಗೆ ಹಾಕ್ತಿದ್ದೆ."

ಫಿಲೊಮೀನ್ ಮಗಳ ಕಾಲ ಬಳಿ ಕೂತಳು.

"ಮಾತ್ರೆ ಹೆಂಗೆ ತಗೊಳ್ತಿದೀಯ?" ಒಡೈಲ್ ಕೊರಾಳನ್ನು ಕೇಳಿದಳು.

"ಚಹಾ ಜೊತೆ."

"ಬೇಡ. ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತಲ್ಲ. ನೀರಲ್ಲಿ ನುಂಗಿ, ಜೊತೆಗೆ ಕೆಂಪು ಕಾಡುಹಣ್ಣು ಒಂದು ಹಿಡಿ ತಿನ್ನು. ಚಹಾ ಬೇಕೇಬೇಕು ಅಂದ್ರೆ ಎರಡು ಗಂಟೆ ಬಿಟ್ಟು ಕುಡಿ."

ಇನ್ನು ಉಳಿದದ್ದು ಎಲ್ಲಕ್ಕಿಂತ ಕಷ್ಟದ ಕೆಲಸ. ಅಣ್ಣ ಮಾಂಸಕ್ಕೆ ಹೊಗೆ ಕೊಟ್ಟು ಒಣಗಿಸುವ ಹೊಗೆಗುಡಿಸಲಿಗೆ ಫಿಲೊಮೀನ್ ನಡೆದಳು. ಎದ್ವಾರ್ ಮಾಂಸವನ್ನು ತೆಳ್ಳಗೆ ಸೀಳಿ ಕೋಲಿಗೆ ನೇತುಹಾಕುತ್ತಿದ್ದ. ತಲೆ ಎತ್ತಲಿಲ್ಲ.

"ಇಲ್ಲೆಲ್ಲ ವಿಷ ತುಂಬಿದೆ. ದೂರ ನಿಂತ್ಕೋ."

"ಅಣ್ಣ, ನಾನು ಅರ್ಧ ಓದಿ ಬಾಯಿಬಿಟ್ಟೆ."

"ಅರ್ಧ ಬಾಗಿಲು ತೆಗೆದು ಮಾತಾಡಿದ್ದೂ ನೀನೇ."

"ಕೊರಾ ಬಿದ್ದುಬಿಟ್ಟಳು ಅಣ್ಣ. ರಕ್ತ ಇಲ್ಲವಂತೆ. ಏರದೇ ಇದ್ರೆ ಪಟ್ಟಣಕ್ಕೆ ಕರ್ಕೊಂಡು ಹೋಗ್ತಾರಂತೆ. ನಂಗೆ ಭಯ ಆಗ್ತಿದೆ."

ಎದ್ವಾರನ ಚೂರಿ ನಿಂತಿತು. ಅವನು ಕೈ ಒರೆಸಿಕೊಂಡು ತನ್ನ ಚಳಿಗಾಲಕ್ಕೆಂದು ಇಟ್ಟುಕೊಂಡಿದ್ದ ತೊಡೆಯ ಭಾಗವನ್ನು ಹಲಗೆಯ ಮೇಲೆ ಇಳಿಸಿದ.

"ಮೊದಲೇ ಹೇಳೋಕೇನಾಗಿತ್ತು ನಿಂಗೆ? ಹಿಡಿ ಈ ಕಡೆ. ಗುಂಡು ಬಿದ್ದ ಜಾಗದ ಸುತ್ತ ಒಂದು ಗೇಣು ಕತ್ತರಿಸಿ ಎಸೆದಿದೀನಿ. ಗುಂಡಿನ ಸೀಸದ ಚೂರು ಕಣ್ಣಿಗೆ ಕಾಣಲ್ಲ, ಹೊಟ್ಟೆಗೆ ಹೋದ್ರೆ ಅದೂ ವಿಷವೇ. ಮುಂದಿನ ಸಲದಿಂದ ಸೀಸದ ಗುಂಡೇ ಬೇಡ ಅಂತ ತಾಮ್ರದ್ದು ತರಿಸ್ತಿದೀನಿ. ಚೆನ್ನಾಗಿ ಬೇಯಿಸು, ಒಳಗೆ ಕೆಂಪಿರಬಾರದು." ಆಮೇಲೆ ಓರೆಗಣ್ಣಿಂದ ನೋಡಿ, "ಕಿಡ್ನಿ ಹಾಕ್ಲಾ ಜೊತೆಗೆ?" ಎಂದ.

"ಅದನ್ನ ನೀನೇ ಇಟ್ಕೋ!" ಎಂದಳು ಫಿಲೊಮೀನ್. ಅಳು, ನಗು ಎರಡೂ ಒಟ್ಟಿಗೆ ಬಂದವು.

ಆ ಮೂರು ವಾರ ಫಿಲೊಮೀನಳಿಗೆ ಮೂರು ವರ್ಷವಾಗಿ ಹೋದವು. ದಿನಾ ಮೂಸ್ ಮಾಂಸಕ್ಕೆ ಆಲೂಗಡ್ಡೆ ಹಾಕಿ ಬೇಯಿಸಿದಳು. ದಿನಾ ಬೆಳಿಗ್ಗೆ ಮಗಳನ್ನು ಕಿಟಕಿಯ ಬಳಿ ನಿಲ್ಲಿಸಿ ಕಣ್ಣಿನ ಕೆಳರೆಪ್ಪೆ ಇಳಿಸಿ ಬಣ್ಣ ನೋಡಿದಳು. ಸ್ವಲ್ಪ ಕೆಂಪಾದಂತೆ ಕಂಡರೆ, ಬೆಳಕಿಗೆ ಹಾಗೆ ಕಾಣುತ್ತದೆಂದು ಅನುಮಾನ. ಸಿಗರೇಟು ಬಿಡುವುದು ಸುಲಭವಾಗಲಿಲ್ಲ. ಎರಡು ಸಲ ಸೋತಳು. ಆದರೆ ಮನೆಯೊಳಗೆ ಮತ್ತೆ ಹಚ್ಚಲಿಲ್ಲ.

ಪರೀಕ್ಷೆಯ ದಿನ ಕೊರಾ ಒಳಗೆ ಹೋದಾಗ ಫಿಲೊಮೀನ್ ಆರೋಗ್ಯ ಕೇಂದ್ರದ ಕುರ್ಚಿಯ ತುದಿಯಲ್ಲಿ ಕೂತು ಕೋಟಿನ ಗುಂಡಿಯನ್ನು ತಿರುವಿ ತಿರುವಿ ಕಿತ್ತೇಬಿಟ್ಟಳು. ನರ್ಸ್ ಹೊರಗೆ ಬಂದಳು.

"ನೂರಾ ನಾಲ್ಕು."

"ನೂರಾ ಹತ್ತು ಅಲ್ವಲ್ಲ!" ಎಂದಳು ಫಿಲೊಮೀನ್.

ನರ್ಸ್ ನಕ್ಕಳು. "ಮೂರೇ ವಾರಕ್ಕೆ ಹದಿಮೂರು ಏರಿದೆಯಲ್ಲ! ಮಾತ್ರೆನೂ ಕೆಲಸ ಮಾಡಿದೆ, ಊಟನೂ ಮಾಡಿದೆ. ಎರಡನ್ನೂ ಬಿಡಬೇಡಿ. ಕೊರಾ ಈಗಲೇ ಪಟ್ಟಣಕ್ಕೆ ಹೋಗೋದು ಬೇಡ. ಎಲ್ಲರ ಹಾಗೆ ಹೆರಿಗೆಗೆ ಕೊನೆ ವಾರಗಳಲ್ಲಿ ಹೋದರೆ ಸಾಕು."

ಜನವರಿಯಲ್ಲಿ ಪಟ್ಟಣದ ಆಸ್ಪತ್ರೆಯಲ್ಲಿ ಕೊರಾ ಹೆಣ್ಣುಮಗು ಹೆತ್ತಳು. ತೂಕ ಮೂರು ಕಿಲೋ ಇನ್ನೂರು ಗ್ರಾಂ. ಫೋನಿನಲ್ಲಿ ಮಗುವಿನ ಅಳು ಕೇಳಿಸಿದಾಗ ಫಿಲೊಮೀನ್, "ಜೋರಾಗಿ ಅಳ್ತಿದೆಯಲ್ಲ, ಏನಾದ್ರೂ ತೊಂದರೆನಾ?" ಎಂದಳು. "ತೊಂದರೆ ಏನಿಲ್ಲ ಅಮ್ಮ, ಅದಕ್ಕೆ ಹಸಿವು" ಎಂದಳು ಕೊರಾ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಬಸುರಿಯೋ, ಎಳೆಮಗುವೋ, ಬಿ.ಪಿ. ಇರುವ ಹಿರಿಯರೋ ಇರಬಹುದು. ಡಬ್ಬಿ ತಂದಾಗ ತಿರುಗಿಸಿ ಉಪ್ಪೆಷ್ಟು, ಕೊಬ್ಬೆಷ್ಟು ಎಂದು ಓದಿ. ಕಾಡಿನ ಮಾಂಸ ಸಿಕ್ಕಾಗ ಬೇಡ ಎನ್ನಬೇಡಿ. ಗುಂಡು ಬಿದ್ದ ಜಾಗ ಕತ್ತರಿಸಿ ಎಸೆದು ಚೆನ್ನಾಗಿ ಬೇಯಿಸಿ. ಕಿಡ್ನಿ, ಲಿವರ್ ಎಷ್ಟು ತಿನ್ನಬಹುದೆಂದು ಆರೋಗ್ಯ ಕೇಂದ್ರದಲ್ಲಿ ಕೇಳಿ. ಮನೆಯಲ್ಲಿ ಬೇಟೆಗೆ ಹೋಗುವವರು ಇಲ್ಲದಿದ್ದರೆ ಬೇಟೆಗಾರರು ಹಂಚಲೆಂದು ತಂದಿಡುವ ಊರಿನ ಮಾಂಸದ ಉಗ್ರಾಣಕ್ಕೆ ಬನ್ನಿ, ಸಂಕೋಚ ಬೇಡ, ಅಲ್ಲಿ ನಿಮ್ಮ ಪಾಲೂ ಇದೆ. ಫೋನಿನಲ್ಲಿ ಬಂದ ಸುದ್ದಿಗೆ ಹೆದರಿಕೆಯಾದರೆ ಅದೇ ದಿನ ನಿಮ್ಮ ಆರೋಗ್ಯ ಕಾರ್ಯಕರ್ತೆಯ ಮನೆ ಬಾಗಿಲು ತಟ್ಟಿ. ನಿಮ್ಮ ಭಯ ಎಷ್ಟೇ ಚಿಕ್ಕದಿರಲಿ, ಆಕೆ ಕೂತು ಕೇಳುತ್ತಾಳೆ.