ಮುಚ್ಚಿದ ಗಿರಣಿಗೆ ಹೋದ ಬುತ್ತಿ

ನಾನು ಮೂರು ಡಬ್ಬಿಯ ಒಂದು ಸ್ಟೀಲ್ ಕ್ಯಾರಿಯರ್. ತಗಡಾಗಿ ಕಾರ್ಖಾನೆಗೆ ಹೋಗಿ, ಅಚ್ಚಿನ ಪೆಟ್ಟು ತಿಂದು, ಹೊಳೆಯುತ್ತ ಹೊರಬಂದೆ. ದಾವಣಗೆರೆಯ ಪಾತ್ರೆ ಅಂಗಡಿಯಲ್ಲಿ ಕೊಟ್ರಮ್ಮನ ತವರಿನವರು ನನ್ನನ್ನು ಕೊಂಡು ಮದುವೆಯಲ್ಲಿ ಅಳಿಯನ ಕೈಗಿಟ್ಟರು.

ಅಳಿಯ ಹಾಲೇಶಪ್ಪ ಹತ್ತಿ ಗಿರಣಿಯ ಕೆಲಸಗಾರ. ಅಲ್ಲಿ ಎಲ್ಲರ ಬುತ್ತಿಯನ್ನೂ ಬಾಯ್ಲರಿನ ಹಬೆ ಕೊಳವೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಹಾಗೆ ಬಿಸಿಯಾದ ಅನ್ನವೇ ಅವನಿಗೆ ಅಮೃತ. ಭಾನುವಾರ ಮನೆಯಲ್ಲಿ ಒಲೆಯಿಂದ ಇಳಿಸಿದ್ದನ್ನೇ ಬಡಿಸಿದರೂ ಮಹಾಶಯ ರುಚಿಯಿಲ್ಲವೆಂದು ಮೂಗು ಮುರಿಯುತ್ತಿದ್ದ.

ಗಿರಣಿ ಮುಚ್ಚಿತು. ಅಲ್ಲಿ ಇಲ್ಲಿ ಕೂಲಿ ಮಾಡುತ್ತ ಅವನ ತಲೆ ನರೆಯಿತು, ನನ್ನ ಹಿಡಿಯೂ ಸಡಿಲವಾಯಿತು. ಕಡೆಕಡೆಗೆ ಮುದುಕನೆಂದು ಕೂಲಿಗೂ ಯಾರೂ ಕರೆಯದಾದರು. ಆಮೇಲೆ ಸರ್ಕಾರದವರು ಹೊಸ ಪದ್ಧತಿ ತಂದರು. ಕೆಲಸವಿರಲಿ, ಇಲ್ಲದಿರಲಿ, ಪ್ರತಿಯೊಬ್ಬರಿಗೂ ತಿಂಗಳು ತಿಂಗಳು ಬದುಕುವಷ್ಟು ಹಣ. ಕೊಟ್ರಮ್ಮನ ಮುಖ ಅರಳಿತು. ಹಾಲೇಶಪ್ಪನಿಗೆ ಮಾತ್ರ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಒಂದು ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ನೇರವಾಗಿ ಹಳೆಯ ಗಿರಣಿಗೆ ಹೋದ. ಅಲ್ಲಿ ಒಬ್ಬ ಕಾವಲುಗಾರ ಕೂತಿದ್ದ.

"ಏನಾರ ಕೆಲ್ಸ ಕೊಡಪ್ಪ. ಕಸ ಹೊಡೀತೀನಿ. ಸಂಬಳ ಬ್ಯಾಡ."

"ಒಳಗೆ ಏನೈತಿ ಯಜಮಾನ್ರೆ ಕಸ ಹೊಡಿಯಾಕೆ? ಮನಿಗೆ ಹೋಗ್ರಿ."

ಅವನು ಹೋಗಲಿಲ್ಲ. ಅವತ್ತಷ್ಟೇ ಅಲ್ಲ, ದಿನಾ ಬಂದು ಗೇಟಿನ ಹೊರಗೆ ನನ್ನನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದ. ಸಂಜೆ ತುಂಬಿದ ಬುತ್ತಿ ತುಂಬಿದ ಹಾಗೆಯೇ ಮನೆಗೆ ಮರಳುತ್ತಿತ್ತು. ಕಡೆಗೊಂದು ದಿನ ಕೊಟ್ರಮ್ಮನ ತಾಳ್ಮೆ ಕೆಟ್ಟಿತು.

"ಇದೇನ್ರಿ, ಮತ್ತೆ ಉಂಡಿಲ್ಲ?"

"ದುಡೀದೆ ಹೆಂಗ್ ಉಣ್ಲೇ?"

"ಮದ್ವಿ ಆದಾಗಿಂದ ಒಲಿ ಮುಂದೆ ನಾನೂ ದುಡಿದೀನಿ. ನನಗ್ಯಾರು ಸಂಬಳ ಕೊಟ್ರು? ನಾನು ಉಣ್ಲಿಲ್ಲೇನು?"

ಆ ರಾತ್ರಿ ಎರಡು ತುತ್ತು ಉಂಡ, ಅವಳಿಗಾಗಿ. ನನಗೆ ಎಷ್ಟು ಸಂತೋಷವಾಯಿತು! ಆದರೆ ಅದು ಎರಡು ತುತ್ತನ್ನು ದಾಟಲೇ ಇಲ್ಲ. ದಿನದಿಂದ ದಿನಕ್ಕೆ ಸೊರಗುತ್ತ ಹೋಗಿ, ಯುಗಾದಿಗೆ ಮೊದಲೇ ಕಣ್ಣು ಮುಚ್ಚಿದ.

ಈಗ ನಾನು ಅಡುಗೆಮನೆಯ ಅಟ್ಟದ ಮೇಲಿದ್ದೇನೆ. ಕೆಳಗಿನದೆಲ್ಲ ಕಾಣುತ್ತದೆ. ಡಬ್ಬದ ತುಂಬ ಅಕ್ಕಿಯಿದೆ. ಕೊಟ್ರಮ್ಮನ ಪಾಲಿನ ಹಣ ತಪ್ಪದೆ ಬರುತ್ತಿದೆ. ನಿನ್ನೆ ಪಕ್ಕದ ಮನೆಯ ನಾಗವೇಣಿ ಬಂದು ತಣ್ಣಗಿದ್ದ ಒಲೆ ನೋಡಿ ಗದರಿದಳು.

"ರೊಕ್ಕ ಬರ್ತೈತಿ, ಅಕ್ಕಿ ಐತಿ. ಒಂದು ಮುಷ್ಟಿ ಅನ್ನ ಮಾಡ್ಕೊಂಡು ಉಣ್ಣಾಕೆ ಏನಾಗೈತಬೇ ನಿಂಗೆ?"

ಕೊಟ್ರಮ್ಮ ಗೋಡೆಗೊರಗಿ ಕೂತಿದ್ದಳು.

"ಯಾರಿಗಂತ ಮಾಡ್ಲೇ?" ಅಂದಳು.